ಪ್ರಶ್ನೋತ್ತರ: ಕೌನ್ಸೆಲರ್ ಹತ್ತಿರ ಏನು ಕೇಳಬೇಕು, ಎಷ್ಟು ಸಲ ಹೋಗಬೇಕು?

ಉತ್ತರ ಕನ್ನಡದ ಓದುಗರಿಂದ ಖಾಸಗಿ ಕೌನ್ಸೆಲಿಂಗ್ ಕುರಿತು ಬಂದ ಪತ್ರಗಳಲ್ಲಿ ಆರಕ್ಕೆ ಇಲ್ಲಿ ಉತ್ತರಿಸಿದ್ದೇವೆ. ಹೆಸರುಗಳನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಬಸ್ಸು ದೇವಿಮನೆ ಘಟ್ಟ ಇಳಿಯತೊಡಗಿದರೆ ಎದೆ ಢವಢವ, ಕೈಯೆಲ್ಲ ಬೆವರು, ಈಗಲೇ ಜೀವ ಹೋಗುತ್ತದೆ ಅನ್ನಿಸುತ್ತದೆ. ಇಸಿಜಿ, ಥೈರಾಯ್ಡ್ ಎರಡೂ ಸರಿ ಇದೆ. ಎಂಟು ತಿಂಗಳಿಂದ ಕುಮಟೆಯ ತವರಿಗೆ ಹೋಗಿಲ್ಲ. ಕೌನ್ಸೆಲರ್ ಬಳಿ ನಾಲ್ಕು ಸಲ ಹೋದೆ, ಸಲಕ್ಕೆ 800 ರೂಪಾಯಿ. ನಾನು ಹೇಳುತ್ತೇನೆ, ಅವರು ಕೇಳಿಸಿಕೊಂಡು "ಪಾಸಿಟಿವ್ ಆಗಿರಿ" ಎನ್ನುತ್ತಾರೆ. ಈಗ ಹತ್ತು ಸಲದ ಪ್ಯಾಕೇಜ್‌ಗೆ 7,000 ಮೊದಲೇ ಕಟ್ಟಿ ಅಂತಿದ್ದಾರೆ. ಕಟ್ಟಲೇ? (ಶಿರಸಿ)

ಉತ್ತರ: ಕಟ್ಟಬೇಡಿ. ಮೊದಲ ಒಂದೆರಡು ಭೇಟಿ ನಿಮ್ಮ ಕತೆ ಕೇಳುವುದಕ್ಕೇ ಹೋಗುತ್ತದೆ, ಅದು ಸಹಜ. ಆದರೆ ಮೂರನೆಯದು ಮುಗಿಯುವಷ್ಟರಲ್ಲಿ ಇದಕ್ಕೆ ಏನೆನ್ನುತ್ತಾರೆ, ಯಾವ ವಿಧಾನದಲ್ಲಿ ಕೆಲಸ ಮಾಡುತ್ತೇವೆ, ಕಡಿಮೆಯಾಯಿತೆಂದು ಹೇಗೆ ಅಳೆಯುತ್ತೇವೆ ಎಂಬುದನ್ನು ಅವರು ನಿಮಗೆ ಹೇಳಿರಬೇಕಿತ್ತು.

ನೀವು ಬರೆದದ್ದು ಪ್ಯಾನಿಕ್ ಅಟ್ಯಾಕ್‌ನ ಲಕ್ಷಣಕ್ಕೆ ಹೊಂದುತ್ತದೆ. ಇದಕ್ಕೆ ಚೆನ್ನಾಗಿ ಪರೀಕ್ಷೆಗೊಳಗಾದ ವಿಧಾನವೊಂದಿದೆ: ಕಾಗ್ನಿಟಿವ್ ಬಿಹೇವಿಯರ್ ಥೆರಪಿ, ಅಂದರೆ ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆ, ಚಿಕ್ಕದಾಗಿ ಸಿಬಿಟಿ. ವಾರಕ್ಕೊಮ್ಮೆ 45–50 ನಿಮಿಷದಂತೆ ಸಾಮಾನ್ಯವಾಗಿ 8ರಿಂದ 15 ಭೇಟಿ. ಇದರಲ್ಲಿ ಮಾತಿನಷ್ಟೇ ಕಾಲಿಗೂ ಕೆಲಸವಿದೆ. ಹೆದರಿಕೆಯ ಏಣಿಯೊಂದನ್ನು ಕಾಗದದ ಮೇಲೆ ಬರೆಸುತ್ತಾರೆ. ನಿಮ್ಮ ಏಣಿ ಸುಮಾರಾಗಿ ಹೀಗಿರಬಹುದು: ಮೊದಲು ಬಸ್ ಸ್ಟ್ಯಾಂಡಿನಲ್ಲಿ ನಿಂತ ಬಸ್ಸೊಳಗೆ ಹತ್ತು ನಿಮಿಷ ಕೂರುವುದು. ಆಮೇಲೆ ಪೇಟೆಯೊಳಗೇ ಎರಡು ಸ್ಟಾಪ್. ನಂತರ ಘಟ್ಟಕ್ಕೆ ಮುಂಚೆ ಸಿಗುವ ಅಮ್ಮಿನಳ್ಳಿವರೆಗೆ ಹೋಗಿ ವಾಪಸ್. ಜತೆಗೊಬ್ಬರಿದ್ದು ಘಟ್ಟ ಇಳಿಯುವುದು. ಕೊನೆಗೆ ಒಬ್ಬರೇ, ಕಿಟಕಿ ಪಕ್ಕ. ಪ್ರತಿ ಸಲ ಹತ್ತುವಾಗ, ಇಳಿಯುವಾಗ ಗಾಬರಿಗೆ 0ರಿಂದ 100ರೊಳಗೆ ಅಂಕ ಕೊಟ್ಟು ಚೀಟಿಯಲ್ಲಿ ಬರೆಯಬೇಕು. 70 ಇದ್ದದ್ದು 35ಕ್ಕೆ ಬರುವವರೆಗೆ ಆ ಮೆಟ್ಟಿಲು ಬಿಡುವುದಿಲ್ಲ.

ಇದು ಕೆಡುವುದು ಹೆಚ್ಚಾಗಿ ಒಂದೇ ಕಡೆ. ಗಾಬರಿ ಏರಿದ ತಕ್ಷಣ ಮಧ್ಯದಲ್ಲಿ ಇಳಿದುಬಿಡುತ್ತೇವೆ, ನಿರಾಳವಾಗುತ್ತದೆ. ಇಳಿದದ್ದರಿಂದಲೇ ಬದುಕಿದೆ ಎಂಬ ಪಾಠ ತಲೆಗೆ ಹೋಗುತ್ತದೆ, ಮರುದಿನ ಬಸ್ಸು ಇನ್ನೂ ದೊಡ್ಡದಾಗಿ ಕಾಣುತ್ತದೆ. ಕೈಯಲ್ಲಿ ಹಿಡಿದ ನೀರಿನ ಬಾಟಲಿ, ಪರ್ಸಿನ ಮೂಲೆಯ "ಇರಲಿ ಅಂತ" ಇಟ್ಟ ಮಾತ್ರೆ, ಗಂಡನಿಗೆ ಹಚ್ಚಿದ ಫೋನು, ಎಲ್ಲ ಇದೇ ಪಾಠ ಹೇಳಿಕೊಡುವವು. ಅವನ್ನೂ ಒಂದೊಂದಾಗಿ ಬಿಡಿಸಬೇಕು. ತಿಂಗಳಿಗೊಮ್ಮೆ ಮಾಡಿದರೆ ಪ್ರಯೋಜನ ಕಡಿಮೆ, ವಾರಕ್ಕೆ ನಾಲ್ಕೈದು ಸಲ ಬೇಕು.

ಒಳ್ಳೆಯ ಥೆರಪಿಸ್ಟ್ ಕೋಣೆಯಲ್ಲೇ ಒಂದು ನಿಮಿಷ ಜೋರಾಗಿ ಉಸಿರಾಡಿಸಿ ತೋರಿಸುವುದೂ ಉಂಟು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ತಲೆ ಹಗುರಾಗುತ್ತದೆ, ತುಟಿ ಜುಮ್ಮೆನ್ನುತ್ತದೆ. ಘಟ್ಟದಲ್ಲಿ ಆಗುವುದೂ ಬಹುಪಾಲು ಇದೇ ಎಂದು ಮೈಗೇ ಗೊತ್ತಾಗುತ್ತದೆ. ಗರ್ಭಿಣಿಯರು, ಅಸ್ತಮಾ, ಹೃದ್ರೋಗ ಅಥವಾ ಮೂರ್ಛೆರೋಗ ಇರುವವರು ಮೊದಲೇ ತಿಳಿಸಬೇಕು, ಮನೆಯಲ್ಲಿ ತಾವೇ ಮಾಡಿ ನೋಡಬಾರದು.

ಮುಂದಿನ ಭೇಟಿಯಲ್ಲಿ ನೇರ ಕೇಳಿ: "ನನಗೆ ಹಂತಹಂತವಾಗಿ ಬಸ್ ಹತ್ತಿಸುವ ಕೆಲಸ ಮಾಡಿಸುತ್ತೀರಾ?" ಹೌದು ಎಂದರೆ ಇನ್ನು ನಾಲ್ಕು ಭೇಟಿ, ಪ್ರತಿ ಸಲವೂ ಅಂದಂದಿನ ಫೀ. ವಾರಕ್ಕೆ ಎಷ್ಟು ಸಲ ಅಟ್ಯಾಕ್ ಬಂತೆಂದು ಕ್ಯಾಲೆಂಡರಿನಲ್ಲಿ ಗೀಟು ಹಾಕಿಡಿ. ನಾಲ್ಕು ಭೇಟಿಯ ಬಳಿಕವೂ ಗೀಟು ಕಡಿಮೆಯಾಗದಿದ್ದರೆ ಬೇರೆಯವರನ್ನು ನೋಡಿ. ಕೇಳಿದ್ದಕ್ಕೆ ಮುಖ ಗಂಟಿಕ್ಕಿದರೆ ನಾಲ್ಕು ಭೇಟಿಯನ್ನೂ ಕಾಯಬೇಡಿ.

ಪ್ರಶ್ನೆ: ಒಂದು ಬೋರ್ಡಿನಲ್ಲಿ ಕೌನ್ಸೆಲರ್, ಇನ್ನೊಂದರಲ್ಲಿ ಸೈಕಾಲಜಿಸ್ಟ್, ಮತ್ತೊಂದರಲ್ಲಿ ಡಾ. ಎಂದಿದೆ. ಅಸಲಿ ಯಾರು ಅಂತ ತಿಳಿಯುವುದು ಹೇಗೆ? (ಕಾರವಾರ)

ಉತ್ತರ: ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಶಾಸ್ತ್ರದಲ್ಲಿ ಎಂಡಿ, ಡಿಎನ್‌ಬಿ ಅಥವಾ ಡಿಪಿಎಂ ಮಾಡಿದವರು. ವೈದ್ಯಕೀಯ ಕೌನ್ಸಿಲ್‌ನ ನೋಂದಣಿ ಸಂಖ್ಯೆ ಇರುತ್ತದೆ, ಔಷಧಿ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ನೋಂದಾಯಿಸಿರಬೇಕು. ಆ ನೋಂದಣಿ ಸಂಖ್ಯೆ (ಸಿಆರ್‌ಆರ್ ಸಂಖ್ಯೆ) ಕೇಳಿ, ಪರಿಷತ್ತಿನ ವೆಬ್‌ಸೈಟಿನಲ್ಲಿ ತಾಳೆ ನೋಡಿ. ಇವರು ಔಷಧಿ ಬರೆಯುವುದಿಲ್ಲ.

ತೊಂದರೆ ಇರುವುದು "ಕೌನ್ಸೆಲರ್" ಎಂಬ ಪದದಲ್ಲಿ. ಎರಡು ವರ್ಷ ಸೈಕಾಲಜಿ ಎಂಎಸ್ಸಿ ಅಥವಾ ಸಮಾಜಕಾರ್ಯದ ಎಂಎಸ್‌ಡಬ್ಲ್ಯೂ ಓದಿ, ಹಿರಿಯರ ಕೈಕೆಳಗೆ ಪಳಗಿದವರೂ ಕೌನ್ಸೆಲರೇ, ವಾರಾಂತ್ಯದ ಆನ್‌ಲೈನ್ ಸರ್ಟಿಫಿಕೇಟ್ ಗೋಡೆಗೆ ತೂಗುಹಾಕಿದವರೂ ಕೌನ್ಸೆಲರೇ. 2021ರ ಸಹಾಯಕ ಆರೋಗ್ಯ ವೃತ್ತಿಗಳ ಕಾಯ್ದೆ ಈ ವೃತ್ತಿಗಳನ್ನೂ ನೋಂದಣಿಯೊಳಗೆ ತರಲು ಹೊರಟಿದೆ. ಅಲ್ಲಿಯವರೆಗೆ ಫೋನಿನಲ್ಲೇ ಕೇಳಿಕೊಳ್ಳಿ: ಯಾವ ವಿಶ್ವವಿದ್ಯಾಲಯ? ಕಷ್ಟದ ಕೇಸು ಬಂದರೆ ಯಾರ ಸಲಹೆ ಕೇಳುತ್ತೀರಿ? ಯಾವಾಗ ಮನೋವೈದ್ಯರ ಬಳಿ ಕಳಿಸುತ್ತೀರಿ? ಕೊನೆಯದಕ್ಕೆ "ನಾವೇ ಎಲ್ಲ ನೋಡಿಕೊಳ್ಳುತ್ತೇವೆ" ಎಂಬ ಉತ್ತರ ಬಂದರೆ ಫೋನಿಟ್ಟುಬಿಡಿ. ಇನ್ನು "ಡಾ." ಎಂಬುದು ಪಿಎಚ್‌ಡಿಯದ್ದೂ ಇರಬಹುದು, ಅದೂ ಬೇರೆ ವಿಷಯದಲ್ಲಿ.

ಪ್ರಶ್ನೆ: ನಮ್ಮಲ್ಲಿ ಇರುವ ಕೌನ್ಸೆಲರ್ ನನ್ನ ಅತ್ತಿಗೆಯ ತಂಗಿ. ಫೀ ಬೇಡ ಅಂತಾಳೆ. ಹೋಗಬಹುದೇ? (ಸಿದ್ದಾಪುರ)

ಉತ್ತರ: ಬೇಡ. ನಿಮ್ಮ ಕತೆಯಲ್ಲಿ ಅತ್ತಿಗೆಯೇ ಬರಬೇಕಾಗಿ ಬಂದ ದಿನ ನಾಲಿಗೆ ನಿಲ್ಲುತ್ತದೆ. ಆ ಕೌನ್ಸೆಲರೇ ಬೇರೆಯವರ ಹೆಸರು ಸೂಚಿಸಬೇಕು. ಸಂಬಂಧಿಯಲ್ಲದಿದ್ದರೂ ಸಣ್ಣ ಊರಿನಲ್ಲಿ ಎದುರಾಗುವುದು ತಪ್ಪದು. ಮಾರಿಕಾಂಬಾ ಜಾತ್ರೆಯಲ್ಲಿ ಸಿಕ್ಕರೆ ನೀವು ಮಾತಾಡಿಸದೆ ಅವರು ಮಾತಾಡಿಸಬಾರದು ಎಂದು ಮೊದಲ ದಿನವೇ ಮಾತಾಗಿರಲಿ.

ಪ್ರಶ್ನೆ: ಆನ್‌ಲೈನ್ ಕೌನ್ಸೆಲಿಂಗ್ ತಗೊಂಡಿದ್ದೇನೆ. ಮನೆಯಲ್ಲಿ ಏಳು ಜನ, ಬಾಗಿಲು ಹಾಕಿದರೆ "ಎಂತಾಯ್ತೇ?" ಅಂತ ಅತ್ತೆ ಕೇಳ್ತಾರೆ. ಮಳೆಗಾಲದಲ್ಲಿ ನೆಟ್‌ವರ್ಕೂ ಇಲ್ಲ. (ಹೊನ್ನಾವರ)

ಉತ್ತರ: ಇಯರ್‌ಫೋನ್ ಹಾಕಿದರೆ ಕೌನ್ಸೆಲರ್ ಮಾತು ಹೊರಗೆ ಕೇಳದು, ನಿಮ್ಮದು ಕೇಳುತ್ತದೆ. ಬಾಗಿಲ ಹೊರಗೆ ರೇಡಿಯೊ ಹಚ್ಚಿಡಿ ಅಥವಾ ಫ್ಯಾನು ಜೋರು ಮಾಡಿ. ಗಂಡಸರು ತೋಟಕ್ಕೆ, ಅತ್ತೆ ಮಧ್ಯಾಹ್ನದ ನಿದ್ದೆಗೆ ಹೋಗುವ ವೇಳೆ ಆರಿಸಿ. ಯಾರಾದರೂ ಒಳಬಂದರೆ ಹೇಳಲು ಒಂದು ಮಾತು ಗೊತ್ತು ಮಾಡಿಕೊಳ್ಳಿ. "ಅಡಿಕೆ ದರ ಎಷ್ಟಾಯ್ತು?" ಅಂದರೆ ಕೌನ್ಸೆಲರೂ ಅದೇ ವಿಷಯ ಹಿಡಿಯಬೇಕು. ಸಿಗ್ನಲ್ ಒಂದೇ ಕಡ್ಡಿ ಇದ್ದರೆ ವಿಡಿಯೊ ಬಿಡಿ, ಸಾದಾ ಕರೆ ಸಾಕು. ಕರೆ ಕಡಿದರೆ ಐದು ನಿಮಿಷದೊಳಗೆ ಯಾರು ಮರಳಿ ಮಾಡಬೇಕು, ಕಳೆದ ಸಮಯಕ್ಕೆ ಫೀ ಉಂಟೋ ಎಂಬುದು ಮೊದಲೇ ನಿರ್ಧಾರವಾಗಲಿ. ನೀವಿರುವ ಊರು ಮತ್ತು ತುರ್ತಿಗೆ ಒಬ್ಬರ ಫೋನ್ ನಂಬರನ್ನು ಕೌನ್ಸೆಲರ್ ಕೇಳಿ ಬರೆದಿಟ್ಟುಕೊಳ್ಳಬೇಕು. ಕೇಳದಿದ್ದರೆ ಅದು ಅವರ ಕೊರತೆ.

ಪ್ರಶ್ನೆ: ಮಗಳಿಗೆ 16. ಒಳಗೆ ಏನು ಹೇಳಿದಳು ಅಂದರೆ ಕೌನ್ಸೆಲರ್ ಬಾಯಿ ಬಿಡುವುದಿಲ್ಲ. ದುಡ್ಡು ಕೊಡುವವನು ನಾನು. (ಅಂಕೋಲಾ)

ಉತ್ತರ: ಅಲ್ಲಿ ಹೇಳಿದ್ದು ರಾತ್ರಿ ಊಟದ ಹೊತ್ತಿಗೆ ಮನೆ ತಲುಪುತ್ತದೆ ಎಂದು ಗೊತ್ತಾದರೆ ಮಗಳು ಹೇಳುವುದನ್ನೇ ನಿಲ್ಲಿಸುತ್ತಾಳೆ, ನಿಮ್ಮ ದುಡ್ಡು ನೀರುಪಾಲು. ಜೀವಕ್ಕೆ ಅಪಾಯವಿದ್ದರೆ ನಿಮಗೆ ತಿಳಿಸುತ್ತಾರೆ. 18ರೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಇವೆರಡರಾಚೆಗೆ, ನಾಲ್ಕು ಭೇಟಿಗೊಮ್ಮೆ ಮಗಳೂ ಕೂತಿರುವಾಗಲೇ ನಿಮ್ಮೊಂದಿಗೆ ಹದಿನೈದು ನಿಮಿಷ ಮಾತಾಡುವಂತೆ ಕೇಳಬಹುದು. ಮರಳಿ ಬರುವ ದಾರಿಯಲ್ಲಿ ಕೆದಕಬೇಡಿ, ದೋಸೆ ತಿನ್ನಿಸಿ ಕರೆತನ್ನಿ.

ಪ್ರಶ್ನೆ: ಖಿನ್ನತೆಗೆ ಆರು ತಿಂಗಳಿಂದ ಮಾತ್ರೆ ಇದೆ. ಕೌನ್ಸೆಲರ್ "ಇನ್ನು ಬೇಡ, ಬಿಡಿ" ಎಂದರು. (ಭಟ್ಕಳ)

ಉತ್ತರ: ಆ ಅಧಿಕಾರ ಅವರಿಗಿಲ್ಲ. ಥಟ್ಟನೆ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ತಲೆಯೊಳಗೆ ಕರೆಂಟು ಹೊಡೆದಂಥ ಝುಮ್ಮು ಬರಬಹುದು. ರೋಗ ಮರುಕಳಿಸಲೂಬಹುದು. ಬರೆದ ವೈದ್ಯರೇ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಪ್ರಮಾಣ ಇಳಿಸುತ್ತಾ ಬರಬೇಕು. ಇಬ್ಬರೂ ಪರಸ್ಪರ ಮಾತಾಡಲು ನಿಮ್ಮ ಒಪ್ಪಿಗೆಯನ್ನು ಬರೆದುಕೊಡಿ, ಈ ಗೊಂದಲ ಮತ್ತೆ ಬಾರದು. ವೈದ್ಯರ ಅಪಾಯಿಂಟ್‌ಮೆಂಟ್ ತಡವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ: ದಿನದ 24 ಗಂಟೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಾತ್ರೆಯ ಹೆಸರು, ಮಿಲಿಗ್ರಾಂ ಇರುವ ಚೀಟಿ ಕೈಯಲ್ಲಿಟ್ಟುಕೊಂಡೇ ಕರೆ ಮಾಡಿ, ಅದನ್ನು ಕೇಳಬಹುದು.