ರ‍್ಯಾಂಪ್ ಕೆಲಸಕ್ಕೆ ಹೋಗಲಾ ಅಂತ ಕೇಳಿದ ಶಿಡ್ಲಘಟ್ಟದ ತಮ್ಮನಿಗೆ

ತಮ್ಮಾ, ಶಿಡ್ಲಘಟ್ಟ ಅಂದೆಯಲ್ಲ, ಅಲ್ಲಿಗೇ ನೀನು ನಮ್ಮವನಾದೆ. ನಮ್ಮೂರು ಚಿಕ್ಕಬಳ್ಳಾಪುರದ ಪಕ್ಕ, ನಂದಿ ಬೆಟ್ಟದ ಬುಡ.

ನೀನು ಬರೆದದ್ದು ಇಷ್ಟು. ಕೆನಡಾದ ಟೊರಾಂಟೊ ಹತ್ತಿರ ಸಿಪಿಎಲ್, ಅಂದರೆ ಸಂಬಳಕ್ಕೆ ವಿಮಾನ ಹಾರಿಸುವ ಲೈಸೆನ್ಸ್, ಮುಗಿಸಿದ್ದೀಯ. 215 ಗಂಟೆ ಹಾರಿದ್ದೀಯ, ಮಲ್ಟಿ ಐಎಫ್‌ಆರ್ (ಒಂದಕ್ಕಿಂತ ಹೆಚ್ಚು ಎಂಜಿನ್ ಇರುವ ವಿಮಾನವನ್ನು ಬರೀ ಉಪಕರಣ ನೋಡಿ ಹಾರಿಸುವ ಅರ್ಹತೆ) ಕೂಡ ಆಗಿದೆ. 60 ಕಂಪನಿಗೆ ಇಮೇಲ್ ಹಾಕಿದರೆ ತಿರುಗಿ ಬರೆದವರು ಒಬ್ಬರೇ, ಅವರೂ ಮ್ಯಾನಿಟೋಬಾ ಪ್ರಾಂತ್ಯದ ಉತ್ತರ ಭಾಗದಲ್ಲಿರುವ ಥಾಂಪ್ಸನ್‌ನವರು. ಮೊದಲು ಒಂದು ವರ್ಷ ವಿಮಾನ ನಿಲ್ಲುವ ಅಂಗಳದಲ್ಲಿ, ಅಂದರೆ ರ‍್ಯಾಂಪ್‌ನಲ್ಲಿ ಸಾಮಾನು ಹತ್ತಿಸಬೇಕು, ಪೈಲಟ್ ಸೀಟು ಆಮೇಲೆ ಅಂದಿದ್ದಾರೆ. "ಅಣ್ಣಾ, ಅಪ್ಪ ಹಿಪ್ಪುನೇರಳೆ ತೋಟ ಮಾರಿ ಓದಿಸಿದ್ದು ಮೂಟೆ ಹೊರೋದಕ್ಕಾ?" ಅಂತ ಕೇಳಿದ್ದೀಯ.

ಹೋಗು. ಮೊದಲು ಇದನ್ನು ಹೇಳಿಬಿಡುತ್ತೇನೆ, ಮಿಕ್ಕಿದ್ದು ನಿಧಾನಕ್ಕೆ ಓದು.

ನನ್ನ ಕಥೆಯೂ ಇದೇ. ದೇವನಹಳ್ಳಿ ವಿಮಾನ ನಿಲ್ದಾಣ ಶುರುವಾದದ್ದು 2008ರ ಮೇ 24ರಂದು. ಆಗ ನನಗೆ 14 ವರ್ಷ. ರಾತ್ರಿ ತೋಟಕ್ಕೆ ನೀರು ಬಿಡಲು ಹೋದರೆ ದೂರದಲ್ಲಿ ದೀಪಗಳು ಒಂದರ ಹಿಂದೆ ಒಂದು ಇಳಿಯುತ್ತಿದ್ದವು. ಅಪ್ಪ ಮೋಟಾರ್ ಆರಿಸುವುದನ್ನೂ ಮರೆತು ನೋಡುತ್ತಿದ್ದರು. ನನ್ನ ಟ್ರೇನಿಂಗ್‌ಗೆ ಅವರು ಮಾರಿದ್ದು ಅದೇ ತೋಟದ ಒಂದೂವರೆ ಎಕರೆ, ಬೆಂಗಳೂರು ಬ್ಲೂ ದ್ರಾಕ್ಷಿ ಇದ್ದ ಭಾಗ.

2016ರ ಮೇನಲ್ಲಿ ನನಗೂ ನನ್ನ ರೂಂಮೇಟ್‌ಗೂ ಒಂದೇ ವಾರ ಥಾಂಪ್ಸನ್‌ನಿಂದ ಕರೆ ಬಂತು. ಅವನು ಲೂಧಿಯಾನದ ಕಡೆಯವನು. ಮಾರನೇ ದಿನವೇ ಬ್ಯಾಗ್ ತುಂಬಿ ಹೊರಟ. ನಾನು ಹೋಗಲಿಲ್ಲ. ಲೈಸೆನ್ಸ್ ಇಟ್ಕೊಂಡು ಕೂಲಿ ಕೆಲಸ ಮಾಡಲಾ ಅನ್ನುವ ಹಟ. ಟೊರಾಂಟೊ ಪಕ್ಕದ ಬ್ರ್ಯಾಂಪ್ಟನ್‌ನಲ್ಲಿ ಕೂತು ಹತ್ತು ತಿಂಗಳು ಇಮೇಲ್ ಕಳಿಸಿದೆ. ಹೊಟ್ಟೆಪಾಡಿಗೆ ರಾತ್ರಿ ಗೋದಾಮಿನಲ್ಲಿ ಡಬ್ಬ ಎತ್ತುತ್ತಿದ್ದೆ. ಅಂದರೆ ಹೊರುವುದು ತಪ್ಪಲಿಲ್ಲ, ವಿಮಾನದ ಹತ್ತಿರ ಹೊರುವ ಬದಲು ದೂರದಲ್ಲಿ ಹೊತ್ತೆ. ಹಾರುವುದು ನಿಂತರೆ ಕೈ ಎಷ್ಟು ಬೇಗ ತಣ್ಣಗಾಗುತ್ತದೆ ಅಂತ ನನಗಾಗ ಗೊತ್ತಿರಲಿಲ್ಲ. ಐಎಫ್‌ಆರ್‌ಗೆ 24 ತಿಂಗಳೊಳಗೆ ಮತ್ತೆ ಪರೀಕ್ಷೆ ಕೊಡಬೇಕು, ನಿನಗೆ ಗೊತ್ತಲ್ಲ. ಹತ್ತು ತಿಂಗಳು ಸುಮ್ನೆ ಕರಗಿತು.

ಅದೇ ಸಮಯಕ್ಕೆ ಅಕ್ಕನ ಮದುವೆ. ಅಪ್ಪ ಫೋನ್ ಮಾಡಿ, "ಲಗ್ನಪತ್ರಿಕೇಲಿ ನಿನ್ನ ಹೆಸರಿನ ಮುಂದೆ ಪೈಲಟ್ ಅಂತ ಹಾಕಿಸ್ಲಾ, ಕ್ಯಾಪ್ಟನ್ ಅಂತ ಹಾಕಿಸ್ಲಾ?" ಅಂದರು. ಪ್ರೆಸ್‌ನವನು ಪಕ್ಕದಲ್ಲೇ ಕಾಯುತ್ತಿದ್ದ. ನಾನು ಗೋದಾಮಿನ ಊಟದ ಕೋಣೆಯಲ್ಲಿ ಹಳದಿ ಜಾಕೆಟ್ ಹಾಕಿಕೊಂಡು ಕೂತಿದ್ದೆ. "ಕ್ಯಾಪ್ಟನ್ ಅಂತಾನೇ ಹಾಕ್ಸಪ್ಪ" ಅಂದುಬಿಟ್ಟೆ. ಸುಖಾಗಮನ ಬಯಸುವವರ ಸಾಲಿನಲ್ಲಿ ನನ್ನ ಹೆಸರೇ ಮೊದಲು, ಬಂಗಾರದ ಬಣ್ಣದಲ್ಲಿ. ಮದುವೆಗೆ ಹೋಗಲು ಟಿಕೆಟ್ಟಿಗೆ ದುಡ್ಡಿರಲಿಲ್ಲ. ಡ್ಯೂಟಿ ಇದೆ, ರಜ ಸಿಗಲಿಲ್ಲ ಅಂತ ಇನ್ನೊಂದು ಸುಳ್ಳು ಹೇಳಿದೆ. ಆ ಪತ್ರಿಕೆ ನನ್ನ ಲಾಗ್‌ಬುಕ್ ಒಳಗೇ ಇದೆ. ಬಿಸಾಡಲು ಮನಸ್ಸು ಬಂದಿಲ್ಲ.

ಕೊನೆಗೆ 2017ರ ಮಾರ್ಚ್‌ನಲ್ಲಿ ಅದೇ ಥಾಂಪ್ಸನ್‌ಗೆ ಹೋದೆ. ಅದು ನಮ್ಮ ಕೆಜಿಎಫ್ ಥರ ಗಣಿಯಿಂದಲೇ ಹುಟ್ಟಿದ ಊರು. ಅಲ್ಲಿ ಚಿನ್ನ, ಇಲ್ಲಿ ನಿಕ್ಕಲ್. ಊರಿನಿಂದ ಆಚೆಗೆ ಶಮಟ್ಟಾವಾ, ಲಾಕ್ ಬ್ರೋಷೆ ಅಂತ ಹಳ್ಳಿಗಳಿವೆ. ವರ್ಷಪೂರ್ತಿ ತೆರೆದಿರುವ ರಸ್ತೆ ಅವಕ್ಕಿಲ್ಲ. ಚಳಿಗಾಲದಲ್ಲಿ ನೆಲ, ಕೆರೆ ಹೆಪ್ಪುಗಟ್ಟಿದಾಗ ಮಾತ್ರ ಹಿಮದ ದಾರಿ. ಉಳಿದಂತೆ ಹಾಲು, ಡೈಪರ್, ಪ್ಲೈವುಡ್, ಆಸ್ಪತ್ರೆಗೆ ಬರುವ ರೋಗಿ, ಎಲ್ಲಕ್ಕೂ ವಿಮಾನವೇ ಬೇಕು.

ರ‍್ಯಾಂಪ್ ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ. ಬೆಳಗಿನ ಜಾವ ನಾಲ್ಕೂವರೆ, ಮೈನಸ್ 38 ಡಿಗ್ರಿ. ಎಂಜಿನ್ ಮೇಲಿನ ಹೊದಿಕೆ ಮರದ ಹಲಗೆ ಥರ ಸೆಟೆದು ನಿಂತಿರುತ್ತದೆ. ಅದನ್ನು ಬಿಚ್ಚಬೇಕು, ರೆಕ್ಕೆಯ ಮೇಲಿನ ಹಿಮ ಗುಡಿಸಬೇಕು. ಹೀಟರಿನ ದಪ್ಪ ಕೊಳವೆ ಎಳೆದು ತಂದು ಎಂಜಿನ್ ಬಿಸಿ ಮಾಡಬೇಕು. ಬರಿಗೈಯಲ್ಲಿ ಬಾಗಿಲ ಹಿಡಿ ಮುಟ್ಟಿದರೆ ಚರ್ಮ ಅಂಟಿಕೊಳ್ಳುತ್ತದೆ. ಹಾಲಿನ ಕ್ರೇಟು ಹೆಪ್ಪುಗಟ್ಟುವ ಮುಂಚೆ ಓಡಿ ಓಡಿ ಒಳಗೆ ಸೇರಿಸಬೇಕು. ಮೊದಲ ವಾರ ಆ ಕ್ರೇಟು ಎತ್ತುವಾಗ ಡೈರಿಗೆ ಕ್ಯಾನ್ ಹೊತ್ತು ಹೋಗುತ್ತಿದ್ದ ಅಮ್ಮ ನೆನಪಾದಳು. ಅತ್ತುಬಿಟ್ಟೆ.

ಆದರೆ ಆ 14 ತಿಂಗಳಲ್ಲಿ ಕಲಿತದ್ದು ಯಾವ ಸ್ಕೂಲಿನಲ್ಲೂ ಕಲಿತಿರಲಿಲ್ಲ. ತೂಕ ಎಲ್ಲಿಟ್ಟರೆ ಬಾಲ ಭಾರವಾಗುತ್ತದೆ ಅನ್ನುವುದು ಕೈಗೇ ತಿಳಿಯಿತು. ಯಾವ ಕ್ಯಾಪ್ಟನ್ ಹವಾಮಾನ ನೋಡಿ ವಾಪಸ್ ತಿರುಗುತ್ತಾರೆ, ಯಾಕೆ ತಿರುಗುತ್ತಾರೆ ಅಂತ ಗಮನಿಸಿದೆ. ಅವರೂ ನನ್ನನ್ನು ನೋಡುತ್ತಿದ್ದರು. ಇಂಥವನ ಪಕ್ಕ ಕೂತು ಹಾರಬಹುದಾ ಅಂತ ಅವರು ತೀರ್ಮಾನಿಸುವುದು ಅಲ್ಲೇ. 2018ರಲ್ಲಿ ಕಿಂಗ್ ಏರ್ ಅನ್ನುವ ಎರಡು ಎಂಜಿನ್‌ನ ಸಣ್ಣ ವಿಮಾನದ ಬಲಗಡೆ ಸೀಟು, ಅಂದರೆ ಸಹ ಪೈಲಟ್ ಕೆಲಸ, ಸಿಕ್ಕಿತು.

ಆ ಹತ್ತು ತಿಂಗಳ ನಿಜವಾದ ಬೆಲೆ ತಿಳಿದದ್ದು 2020ರಲ್ಲಿ. ನಾನೂ ರೂಂಮೇಟೂ ಒಂದೇ ದೊಡ್ಡ ಕಂಪನಿ ಸೇರಿದ್ದೆವು. ಅವನು 2019ರ ಮಾರ್ಚ್‌ನಲ್ಲಿ, ನಾನು 2020ರ ಜನವರಿಯಲ್ಲಿ. ಈ ಕೆಲಸದಲ್ಲಿ ಸೀನಿಯಾರಿಟಿ ನಂಬರ್ ಅನ್ನೋದೇ ಜಾತಕ. ಎಷ್ಟು ಚೆನ್ನಾಗಿ ಹಾರಿಸುತ್ತೀಯ ಅನ್ನುವುದಕ್ಕಿಂತ ಯಾವ ದಿನ ಸೇರಿದೆ ಅನ್ನುವುದೇ ಮುಖ್ಯ. ಕೊರೊನಾ ಬಂದಾಗ ಪಟ್ಟಿಯ ನಡುವೆ ಗೆರೆ ಎಳೆದು ಕೆಳಗಿನವರನ್ನು ಮನೆಗೆ ಕಳಿಸಿದರು. ಅವನು ಗೆರೆಯ ಮೇಲೆ, ನಾನು ಕೆಳಗೆ. ಮತ್ತೆ ಅದೇ ಥರದ ಗೋದಾಮು, ಅದೇ ಹಳದಿ ಜಾಕೆಟ್. 2021ರ ಬೇಸಿಗೆಯವರೆಗೂ ಕರೆ ಬರಲಿಲ್ಲ. ಆ ಸಲ ಮಾತ್ರ ಅಪ್ಪನಿಗೆ ಎಲ್ಲ ಹೇಳಿದೆ, 2016ರದ್ದೂ ಸೇರಿಸಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಊಟ ಆಯ್ತಾ?" ಅಂದರು. ಆಮೇಲೆ ಆ ಮಾತು ಎತ್ತಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ಈಗಲೂ ಅನಿಸುತ್ತದೆ.

ನಿನ್ನ ಬೇರೆ ಪ್ರಶ್ನೆಗಳು. ಇನ್‌ಸ್ಟ್ರಕ್ಟರ್ ಆಗಬಹುದಾ? ಕಲಿಸುವ ತಾಳ್ಮೆ ಇದ್ದರೆ ಖಂಡಿತ ಆಗಬಹುದು. ಅದಕ್ಕೆ ಮತ್ತೆ 30 ಗಂಟೆ ಹಾರಾಟದ ತರಬೇತಿ, ಮತ್ತೆ ದುಡ್ಡು. ಅಪ್ಪನ ಹತ್ತಿರ ಇನ್ನೊಂದು ತುಂಡು ಮಾರಿಸಬೇಡ. ಅಮೆರಿಕ? ಏರ್‌ಲೈನ್ ಸೀಟಿಗೆ ಅಲ್ಲಿ ಸಾಮಾನ್ಯವಾಗಿ 1500 ಗಂಟೆ ಬೇಕು, ಜೊತೆಗೆ ಅಲ್ಲಿ ಕೆಲಸ ಮಾಡುವ ಹಕ್ಕು. ಸದ್ಯಕ್ಕೆ ಬಿಡು. ವಾಪಸ್ ಊರಿಗೆ? 2023ರಲ್ಲಿ ಏರ್ ಇಂಡಿಯಾ 470, ಇಂಡಿಗೋ 500 ವಿಮಾನಕ್ಕೆ ಆರ್ಡರ್ ಕೊಟ್ಟಿವೆ, ನಿಜ. ಅದೇ ವರ್ಷದ ಮೇನಲ್ಲಿ ಗೋ ಫಸ್ಟ್ ಅನ್ನುವ ಏರ್‌ಲೈನ್ ನಿಂತೂ ಹೋಯಿತು. ಅಲ್ಲಿ ಡಿಜಿಸಿಎ (ಭಾರತದ ವಿಮಾನಯಾನ ಮಹಾನಿರ್ದೇಶನಾಲಯ) ಪರೀಕ್ಷೆ ಬರೆಯಬೇಕು, ಲೈಸೆನ್ಸ್ ಬದಲಾಯಿಸಬೇಕು, ಟೈಪ್ ರೇಟಿಂಗ್‌ಗೆ, ಅಂದರೆ ಆಯಾ ಮಾದರಿಯ ವಿಮಾನದ ತರಬೇತಿಗೆ, ಬೇರೆ ಸುರಿಯಬೇಕು. ಕೈಯಲ್ಲಿ ಸಾವಿರ ಗಂಟೆ ಇಟ್ಟುಕೊಂಡು ಯೋಚಿಸು. ಥಾಂಪ್ಸನ್‌ನ ಬಾಡಿಗೆ, ಬಸ್ಸು ಇದೆಲ್ಲ ಅಲ್ಲಿನ ಹುಡುಗರೇ ಹೇಳುತ್ತಾರೆ.

ಒಂದು ಎಚ್ಚರಿಕೆ. ನೀನು ದುಡ್ಡು ಕೊಟ್ಟರೆ ಸೀಟು ಕೊಡುತ್ತೇವೆ ಅನ್ನುವವರ ಹತ್ತಿರ ಸುಳಿಯಬೇಡ. ಟ್ರೇನಿಂಗ್ ಬಾಂಡ್ ಬರೆಸಿಕೊಳ್ಳುವುದು ಮಾಮೂಲು. ಆದರೆ ಎಷ್ಟು ತಿಂಗಳು, ಮಧ್ಯೆ ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನುವುದನ್ನು ಓದದೆ ಸಹಿ ಹಾಕಬೇಡ. ರ‍್ಯಾಂಪ್‌ನಿಂದ ಸೀಟಿಗೆ ಸರಾಸರಿ ಎಷ್ಟು ಸಮಯ ಹಿಡಿಯುತ್ತಿದೆ ಅಂತ ಈಗ ಅಲ್ಲಿ ಸಾಮಾನು ಹೊರುತ್ತಿರುವವರನ್ನೇ ಕೇಳು. ಆಫೀಸಿನಲ್ಲಿ ಕೇಳಬೇಡ. ಕಾರಿನ ಲೈಸೆನ್ಸ್ ಇಲ್ಲದಿದ್ದರೆ ಈ ವಾರವೇ ಮಾಡಿಸು, ರ‍್ಯಾಂಪ್‌ನಲ್ಲಿ ಟ್ರಕ್ ಓಡಿಸಬೇಕಾಗುತ್ತದೆ.

ಹೊರಡುವ ಮುಂಚೆ ಮನೆಗೆ ಫೋನ್ ಮಾಡಿ ರ‍್ಯಾಂಪ್ ಅಂದರೆ ಏನು ಅಂತ ಬಿಡಿಸಿ ಹೇಳು. ನೆಂಟರಿಗೆ ಏನು ಹೇಳಬೇಕು ಅನ್ನುವುದು ಅವರಿಗೆ ಬಿಟ್ಟದ್ದು.

ಹೇಗೂ ವಿನ್ನಿಪೆಗ್ ಮೇಲೇ ಹೋಗಬೇಕು. ಅಲ್ಲಿಂದ ಥಾಂಪ್ಸನ್‌ಗೆ ಸುಮಾರು 760 ಕಿಲೋಮೀಟರ್, ಒಂದೇ ದಿನ ಓಡಬೇಡ. ವಿನ್ನಿಪೆಗ್‌ನ ನಮ್ಮ ಮನೆಯಲ್ಲಿ ಒಂದು ರಾತ್ರಿ ಇದ್ದು ಹೋಗು. ಮುದ್ದೆ, ಹಿತಕಿದ ಬೇಳೆ ಸಾರು ಮಾಡುತ್ತೇವೆ, ಅವರೆಕಾಳು ಫ್ರೀಜರಿನದ್ದೇ ಆದರೂ. ನನ್ನ ಹಳೇ ಪಾರ್ಕಾ (ದಪ್ಪ ಚಳಿಕೋಟು), ಎರಡು ಜೊತೆ ಗ್ಲೌಸ್ ತೆಗೆದಿಟ್ಟಿದ್ದೀನಿ. ನಿನ್ನ ಎತ್ತರ ಎಷ್ಟು ಅಂತ ಬರೆ.