ಚಿವಲ್ರಿ 2 ಆಟದಲ್ಲಿ ನೈಟ್ ನಿಜಕ್ಕೂ ಓವರ್‌ಪವರ್ಡಾ? ಕ್ಲಾಸ್‌ಗಳ ಬಗ್ಗೆ ಫೀಡ್‌ಬ್ಯಾಕ್ ಹೇಗೆ ಬರೆಯಬೇಕು?

ಮಧ್ಯಯುಗದ ಕತ್ತಿ ಕಾಳಗದ ಆನ್‌ಲೈನ್ ವಿಡಿಯೋ ಗೇಮ್ ಆದ ಚಿವಲ್ರಿ 2ನ್ನು ನೀವು ಹೊಸದಾಗಿ ಆಡಲು ಶುರು ಮಾಡಿದ್ದೀರಿ. ಅದರಲ್ಲಿ ನಾಲ್ಕು ಕ್ಲಾಸ್, ಅಂದರೆ ನಾಲ್ಕು ಬಗೆಯ ಯೋಧರು: ಬಿಲ್ಲುಗಾರ ಆರ್ಚರ್, ವ್ಯಾನ್‌ಗಾರ್ಡ್, ಫುಟ್‌ಮನ್, ಭಾರಿ ಕವಚದ ನೈಟ್. ನೈಟ್ ಕೈಯಲ್ಲಿ ಸತ್ತು ಸತ್ತು ಸಾಕಾಗಿದೆ, ಆರ್ಚರ್‌ಗಳನ್ನು ಕಂಡರಂತೂ ಮೈಯೆಲ್ಲ ಉರಿಯುತ್ತದೆ. "ನೈಟ್‌ನ ನರ್ಫ್ ಮಾಡಿ, ಆರ್ಚರ್‌ನ ತೆಗೆದೇ ಹಾಕಿ" ಅಂತ ಡೆವಲಪರ್‌ಗೆ ಬರೆಯಬೇಕು ಅಂತಿದ್ದೀರಿ (ನರ್ಫ್ ಅಂದರೆ ಬಲ ಕಡಿಮೆ ಮಾಡುವುದು). ಕಳಿಸುವ ಮುಂಚೆ ಇದು ಸರಿಯಾ ಅಂತ ಕೇಳಿದ್ದೀರಿ. ಕೇಳಿದ್ದು ಒಳ್ಳೆಯದಾಯಿತು. ನನ್ನ ಪ್ರಕಾರ ನೈಟ್ ಬಗ್ಗೆ ನಿಮ್ಮ ದೂರು ತಪ್ಪು ವಿಳಾಸಕ್ಕೆ ಹೋಗುತ್ತಿದೆ. ಆರ್ಚರ್ ಬಗ್ಗೆ ಅರ್ಧ ಸರಿ.

ಮೊದಲು ಲೆಕ್ಕ ನೋಡೋಣ. ಆರ್ಚರ್‌ಗೆ 90 ಹೆಲ್ತ್, ವ್ಯಾನ್‌ಗಾರ್ಡ್‌ಗೆ 130, ಫುಟ್‌ಮನ್‌ಗೆ 150, ನೈಟ್‌ಗೆ 175. ಇದನ್ನು ನೋಡಿದ ಕೂಡಲೇ ನೈಟ್ ಎಲ್ಲರಿಗಿಂತ ದೊಡ್ಡವನು ಅನ್ನಿಸುತ್ತದೆ, ಸಹಜ. ಆದರೆ ಈ ಆಟದಲ್ಲಿ ಯಾರೂ ಹೆಲ್ತ್ ಎಣಿಸಿಕೊಂಡು ಸಾಯುವುದಿಲ್ಲ, ಏಟು ಎಣಿಸಿಕೊಂಡು ಸಾಯುತ್ತಾರೆ. ಒಂದು ಏಟಿಗೆ 50 ಡ್ಯಾಮೇಜ್ ಕೊಡುವ ಕತ್ತಿ ನಿಮ್ಮ ಕೈಯಲ್ಲಿದೆ ಅಂದುಕೊಳ್ಳಿ. ಆರ್ಚರ್ 2 ಏಟಿಗೆ ಬೀಳುತ್ತಾನೆ. ವ್ಯಾನ್‌ಗಾರ್ಡ್ 3, ಫುಟ್‌ಮನ್ ಕೂಡ 3, ನೈಟ್ 4. ಅಂದರೆ ವ್ಯಾನ್‌ಗಾರ್ಡ್‌ಗೂ ಫುಟ್‌ಮನ್‌ಗೂ ನಡುವೆ ಇರುವ ಆ 20 ಹೆಲ್ತ್ ಈ ಕತ್ತಿಯ ಮುಂದೆ ಲೆಕ್ಕಕ್ಕೇ ಇಲ್ಲ. ಅದೇ 65 ಡ್ಯಾಮೇಜಿನ ಆಯುಧ ಹಿಡಿದರೆ ವ್ಯಾನ್‌ಗಾರ್ಡ್ 2 ಏಟಿಗೇ ಹೋಗುತ್ತಾನೆ, ಫುಟ್‌ಮನ್ ಮತ್ತು ನೈಟ್ ಇಬ್ಬರೂ 3.

ಇನ್ನೂ ಮಜಾ ಇದೆ. 58 ಡ್ಯಾಮೇಜಿನ ಮೂರು ಏಟು ಸೇರಿದರೆ 174. ನೈಟ್ ಒಂದೇ ಒಂದು ಹೆಲ್ತ್ ಇಟ್ಟುಕೊಂಡು ನಿಮ್ಮ ಮುಂದೆ ನಿಂತಿರುತ್ತಾನೆ. ನೀವು ಪರದೆ ನೋಡಿ "ಇದು ಹೇಗಪ್ಪಾ ಸಾಯಲಿಲ್ಲ" ಅಂತೀರಿ. ಅದೇ ಆಯುಧಕ್ಕೆ ಒಂದು ಅಂಕಿ ಸೇರಿಸಿ 59 ಮಾಡಿ, ಅದೇ ಮೂರು ಏಟಿಗೆ ಅವನು ಸತ್ತ. ಈಗ ನಿಮ್ಮ ಬೇಡಿಕೆಯಂತೆ ನೈಟ್‌ನ ಹೆಲ್ತ್ 175ರಿಂದ 160ಕ್ಕೆ ಇಳಿಸಿದರು ಅಂತ ಇಟ್ಟುಕೊಳ್ಳಿ. 50ರ ಕತ್ತಿ ಹಿಡಿದವನಿಗೆ ಏನೂ ಬದಲಾಗಲಿಲ್ಲ, ಇನ್ನೂ 4 ಏಟೇ. 58ರವನಿಗೆ ಮಾತ್ರ ಹಬ್ಬ. "ನರ್ಫ್ ಮಾಡಿ" ಅನ್ನುವ ಎರಡು ಪದದಿಂದ ಡೆವಲಪರ್ ಏನು ಮಾಡಬೇಕು ಅಂತ ಗೊತ್ತಾಗುವುದಿಲ್ಲ ಅನ್ನುವುದು ಇದಕ್ಕೇ.

ಮೇಲೆ ಹೇಳಿದ್ದು ಕತ್ತರಿಸುವ ಆಯುಧದ ಲೆಕ್ಕ, ಅಂದರೆ ಆಟದಲ್ಲಿ ಕಟ್ ಅನ್ನುವ ಜಾತಿ. ಇನ್ನೆರಡು ಜಾತಿ ಇವೆ, ಚಾಪ್ ಮತ್ತು ಬ್ಲಂಟ್. ಇವೆರಡೂ ಕವಚದವರ ಮೇಲೆ ಜಾಸ್ತಿ ಕೆಲಸ ಮಾಡುತ್ತವೆ. ಬ್ಲಂಟ್ ಅಂತೂ ನೈಟ್‌ಗೆ ಅರ್ಧದಷ್ಟು ಹೆಚ್ಚಿಗೆ ಬೀಳುತ್ತದೆ. 50ರ ಗದೆ ನೈಟ್ ಮೇಲೆ 75ರ ಗದೆ ಆಗುತ್ತದೆ. 3 ಏಟು, ಮುಗಿಯಿತು. ವ್ಯಾನ್‌ಗಾರ್ಡ್ ಸಾಯಲು ಎಷ್ಟು ಏಟು ಬೇಕೋ ಅಷ್ಟೇ! ಮೇಸ್, ವಾರ್‌ಹ್ಯಾಮರ್, ಪೋಲ್‌ಹ್ಯಾಮರ್, ಮಾಲ್ ಇವೆಲ್ಲ ಇದೇ ಗುಂಪಿನವು. ನೈಟ್‌ಗೆ ಜಾಸ್ತಿ ಹೆಲ್ತ್ ಕೊಟ್ಟು, ಆ ಜಾಸ್ತಿಯನ್ನು ವಾಪಸ್ ಕಿತ್ತುಕೊಳ್ಳುವ ಆಯುಧವನ್ನೂ ಕೊಟ್ಟಿದ್ದಾರೆ. ಅದನ್ನು ಹಿಡಿಯದೆ ನೈಟ್ ಮೇಲೆ ದೂರು ಕೊಟ್ಟರೆ ಅವರು ನಗುತ್ತಾರಷ್ಟೆ.

ಇದು ಸುಮ್ನೆ ಆಟಕ್ಕೆ ಕಟ್ಟಿದ ನಿಯಮವೂ ಅಲ್ಲ. 15ನೇ ಶತಮಾನದ ಯೂರೋಪಿನ ಪೂರ್ತಿ ಉಕ್ಕಿನ ಕವಚವನ್ನು ಕತ್ತಿಯಿಂದ ಸೀಳುವುದು ಆಗದ ಮಾತಾಗಿತ್ತು. ಅದಕ್ಕೇ ಸುತ್ತಿಗೆ, ಗದೆ, ಪೋಲ್‌ಆ್ಯಕ್ಸ್ ಬಂದವು. ಹಾಗೆಯೇ ಕವಚ ತೊಟ್ಟವನು ಬಿದ್ದರೆ ಏಳಲಾರ ಅನ್ನುವುದು ಕಟ್ಟುಕಥೆ. ಅದರ ತೂಕ ಹೆಚ್ಚುಕಮ್ಮಿ 15ರಿಂದ 25 ಕೆಜಿ, ಅದೂ ಮೈಯೆಲ್ಲ ಹಂಚಿಕೊಂಡು ಕೂರುತ್ತದೆ. ಅವರು ಓಡುತ್ತಿದ್ದರು, ಕುದುರೆ ಹತ್ತುತ್ತಿದ್ದರು. ಆಟದಲ್ಲಿ ನೈಟ್ ನಿಧಾನ ಇರುವುದು ಇತಿಹಾಸಕ್ಕಾಗಿ ಅಲ್ಲ, ಬ್ಯಾಲೆನ್ಸ್‌ಗಾಗಿ. "ನಿಜವಾದ ನೈಟ್ ಹೀಗಿರಲಿಲ್ಲ" ಅಂತ ಫೀಡ್‌ಬ್ಯಾಕ್ ಬರೆಯುವವರು ಬಹಳ ಜನ ಇದ್ದಾರೆ, ಅದನ್ನು ಯಾವ ಕಡೆಗೆ ಬೇಕಾದರೂ ತಿರುಗಿಸಬಹುದು. ನೀವು ಆ ದಾರಿ ಹಿಡಿಯಬೇಡಿ.

ಹಾಗಾದರೆ ನಿಮ್ಮನ್ನು ಕೊಲ್ಲುತ್ತಿರುವುದು ಏನು? ನನ್ನ ಅಂದಾಜಿನಲ್ಲಿ ಡ್ರ್ಯಾಗ್ ಮತ್ತು ಆ್ಯಕ್ಸೆಲ್. ಈ ಆಟದಲ್ಲಿ ಆಯುಧ ನಿಜವಾಗಿ ಗಾಳಿಯಲ್ಲಿ ಬೀಸುತ್ತದೆ, ಅಲಗು ಯಾವಾಗ ಮೈಗೆ ತಾಗುತ್ತದೋ ಆಗಲೇ ಏಟು. ಎದುರಾಳಿ ಬಲದಿಂದ ಎಡಕ್ಕೆ ಸ್ಲ್ಯಾಶ್, ಅಂದರೆ ಅಡ್ಡ ಬೀಸು, ಶುರು ಮಾಡುತ್ತಾನೆ. ನೀವು ಬ್ಲಾಕ್ ಎತ್ತುತ್ತೀರಿ. ಅವನು ಅದೇ ಹೊತ್ತಿಗೆ ಮೌಸ್ ಬಲಕ್ಕೆ ಎಳೆದು ಮೈ ಆ ಕಡೆ ತಿರುಗಿಸುತ್ತಾನೆ, ಅಲಗು ನಿಮ್ಮಿಂದ ದೂರ ಉಳಿಯುತ್ತದೆ. ನೀವು ಬ್ಲಾಕ್ ಇಳಿಸುತ್ತೀರಿ. ಆಗ ಅವನು ವಾಪಸ್ ನಿಮ್ಮ ಕಡೆ ತಿರುಗುತ್ತಾನೆ, ಅದೇ ಬೀಸಿನ ಕೊನೆಯ ತುದಿ ನಿಮ್ಮ ಕುತ್ತಿಗೆಗೆ. ಇದು ಡ್ರ್ಯಾಗ್. ಮುಂದಿನ ಸಲ ನೀವು ಬುದ್ಧಿವಂತರಾಗಿ ತಡವಾಗಿ ಬ್ಲಾಕ್ ಮಾಡೋಣ ಅಂತ ಕಾಯುತ್ತೀರಿ. ಈ ಸಲ ಅವನು ಬೀಸುವ ದಿಕ್ಕಿಗೇ ಮೈ ತಿರುಗಿಸಿ ಅಲಗನ್ನು ಬೇಗ ತಂದುಬಿಡುತ್ತಾನೆ. ಇದು ಆ್ಯಕ್ಸೆಲ್. ಎರಡು ಸಾವು, ಎರಡಕ್ಕೂ 175 ಹೆಲ್ತ್‌ಗೂ ಸಂಬಂಧವೇ ಇಲ್ಲ. ಅವನು ವ್ಯಾನ್‌ಗಾರ್ಡ್ ಆಗಿದ್ದರೂ ನೀವು ಸಾಯುತ್ತಿದ್ದಿರಿ. ತಲೆಯ ಮೇಲೆ ಲೋಹದ ಡಬ್ಬ ಇತ್ತಲ್ಲ, ಅದೇ ನೆನಪಲ್ಲಿ ಉಳಿಯಿತು.

ನೈಟ್ ಬಗ್ಗೆ ನಿಜವಾದ ದೂರು ಒಂದಿದೆ, ಅದು ಬೇರೆ. ಒಬ್ಬರಿಗೊಬ್ಬರು ಆಡುವಾಗ ಒಂದು ಏಟು ಹೆಚ್ಚಿಗೆ ತಡೆಯುವುದು ಅಷ್ಟೇನೂ ದೊಡ್ಡದಲ್ಲ, ಚೆನ್ನಾಗಿ ಆಡುವವನಿಗೆ ಏಟೇ ಬೀಳುವುದಿಲ್ಲ. ಆದರೆ 64 ಜನರ ಗಲಾಟೆಯಲ್ಲಿ ಎಲ್ಲಿಂದ ಏನು ಬರುತ್ತದೆ ಅಂತ ಯಾರಿಗೂ ಗೊತ್ತಿರಲ್ಲ. ಅಲ್ಲಿ ಒಂದು ಏಟು ಹೆಚ್ಚಿಗೆ ತಡೆಯುವವನು ತುಂಬ ಹೊತ್ತು ಬದುಕುತ್ತಾನೆ. ಅದರ ಮೇಲೆ ನೈಟ್ ಕ್ಲಾಸಿನೊಳಗಿನ ಒಂದು ಬಗೆ, ಅಂದರೆ ಉಪಕ್ಲಾಸ್, ಆದ ಆಫೀಸರ್ ಕಹಳೆ ಊದಿದರೆ ಸುತ್ತಲಿನವರಿಗೆ ಹೆಲ್ತ್. ಇನ್ನೊಂದು ಉಪಕ್ಲಾಸ್ ಗಾರ್ಡಿಯನ್ ಬಾವುಟ ನೆಟ್ಟರೆ ಅದರ ಸುತ್ತ ಹೆಲ್ತ್. ನಾಲ್ಕೈದು ನೈಟ್‌ಗಳು ಒಂದು ಬಾವುಟದ ಸುತ್ತ ನಿಂತರೆ ಆ ಜಾಗ ಬಿಡಿಸುವುದು ಕಷ್ಟ. ಈ ಮಾತನ್ನು ಬರೆಯಿರಿ, ಆದರೆ ಜೊತೆಯಾಗಿ ನಿಲ್ಲುವುದರ ಬಲ ಅಂತ ಬರೆಯಿರಿ, ಕ್ಲಾಸಿನ ಬಲ ಅಂತಲ್ಲ. ಪರಿಹಾರ ಬಾವುಟದಲ್ಲಿದೆ, 175ರಲ್ಲಿ ಇಲ್ಲ.

ಈಗ ಆರ್ಚರ್. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಆಟದ ರುಡ್‌ಹೆಲ್ಮ್ ಮುತ್ತಿಗೆ ಅನ್ನುವ ಮ್ಯಾಪಿನಲ್ಲಿ ಸೀಜ್ ಟವರ್ (ಕೋಟೆ ಗೋಡೆ ಹತ್ತಲು ಬಳಸುವ ಚಕ್ರದ ಗೋಪುರ) ತಳ್ಳಿಕೊಂಡು ಹೋಗುತ್ತಿರುತ್ತೀರಿ, ಗೋಡೆಯ ಮೇಲಿಂದ ಬಾಣ ಬರುತ್ತದೆ. ಯಾರು ಹೊಡೆದರು ಅಂತ ಕಾಣುವುದಿಲ್ಲ, ತಿರುಗಿ ಹೊಡೆಯಲು ಕೈಯಲ್ಲಿ ಉದ್ದದ ಕೊಡಲಿ. ಸಾವಿಗೆ ಬೇಜಾರಿಲ್ಲ, ಉತ್ತರ ಕೊಡಲು ದಾರಿಯಿಲ್ಲವಲ್ಲ ಅನ್ನುವುದು ಬೇಜಾರು. ಕತ್ತಿಯವನು ಕೊಂದರೆ "ಮುಂದಿನ ಸಲ ಹೀಗೆ ಮಾಡಬೇಕು" ಅಂತ ಏನೋ ಒಂದು ಕಲಿಯುತ್ತೀರಿ. ಬಾಣ ಕೊಂದರೆ ಏನು ಕಲಿಯುವುದು? ಗುರಾಣಿ ಎತ್ತಬಹುದಿತ್ತು, ನಿಜ, ಆದರೆ ಗುರಾಣಿ ಎಲ್ಲರ ಬಳಿ ಇರುವುದಿಲ್ಲ.

ಅಷ್ಟಾದರೂ ಆರ್ಚರ್ ಬಲ ಜಾಸ್ತಿ ಅಂತ ನಾನು ಒಪ್ಪುವುದಿಲ್ಲ. 90 ಹೆಲ್ತ್‌ನವನು ಯಾರಾದರೂ ಹತ್ತಿರ ಬಂದರೆ ಎರಡು ಏಟಿನ ಗಿರಾಕಿ. ನನ್ನ ದೂರು ಉಲ್ಟಾ: ಆರ್ಚರ್‌ಗಳು ಹಾಳು ಮಾಡುವುದು ತಮ್ಮ ಟೀಮನ್ನೇ. ಒಂದು ಕಡೆ 32 ಜನ. ಅದರಲ್ಲಿ 10 ಜನ ಬಿಲ್ಲು ಹಿಡಿದು ಹಿಂದಿನ ಗುಡ್ಡದ ಮೇಲೆ ನಿಂತರೆ ಟವರ್ ತಳ್ಳಲು ಉಳಿಯುವವರು 22. ಎದುರಿಗೆ 30 ಜನ ಇದ್ದರೆ ನೀವು ಎಷ್ಟೇ ಚೆನ್ನಾಗಿ ಆಡಿದರೂ ತಳ್ಳಲಾಗಲ್ಲ. ಪಂದ್ಯ ಸೋತ ಮೇಲೆ ಸ್ಕೋರ್‌ಬೋರ್ಡ್‌ನಲ್ಲಿ ಆ 10 ಜನ ಒಳ್ಳೆಯ ಅಂಕ ತೆಗೆದುಕೊಂಡಿರುತ್ತಾರೆ ಬೇರೆ! 1415ರಲ್ಲಿ ಫ್ರಾನ್ಸಿನ ಅಜಿನ್‌ಕೋರ್ಟ್ ಯುದ್ಧದಲ್ಲಿ ಇಂಗ್ಲಿಷ್ ಬಿಲ್ಲುಗಾರರು ಕೊನೆಗೆ ಬಿಲ್ಲು ಬದಿಗಿಟ್ಟು ಸುತ್ತಿಗೆ, ಕತ್ತಿ ಹಿಡಿದು ಕೆಸರಿನ ಕಾಳಗಕ್ಕೆ ಇಳಿದರು. ಇತಿಹಾಸದ ವಾದ ಬೇಡ ಅಂತ ಈಗಷ್ಟೇ ಹೇಳಿದವನು ನಾನೇ, ಆದರೆ ಈ ಒಂದನ್ನು ನಮ್ಮ ಗುಡ್ಡದ ಗೆಳೆಯರಿಗೆ ಯಾರಾದರೂ ಹೇಳಬೇಕು. ಆಟದಲ್ಲೇ ಸ್ಕರ್ಮಿಷರ್ ಅಂತ ಒಂದು ಉಪಕ್ಲಾಸ್ ಇದೆ, ಎಸೆಯುವ ಆಯುಧದ ಜೊತೆ ಕತ್ತಿ ಗುರಾಣಿ ಹಿಡಿದು ಮುಂದೆ ಬರುತ್ತಾನೆ. ನನಗೆ ಆರ್ಚರ್‌ಗಳಲ್ಲಿ ಅವನೊಬ್ಬನೇ ಇಷ್ಟ. ಹಾಗಾಗಿ "ಆರ್ಚರ್ ತೆಗೆದುಹಾಕಿ" ಅನ್ನುವ ಬದಲು "ಆಬ್ಜೆಕ್ಟಿವ್ (ಟೀಮ್ ಮುಗಿಸಬೇಕಾದ ಗುರಿ) ಹತ್ತಿರ ನಿಂತು ಹೊಡೆದವನಿಗೆ ಅಂಕ ಜಾಸ್ತಿ ಕೊಡಿ" ಅಂತ ಬರೆದರೆ ಓದುವವರಿಗೂ ಏನೋ ಮಾಡಲು ಸಿಗುತ್ತದೆ.

ವ್ಯಾನ್‌ಗಾರ್ಡ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಓಡಿ ಬಂದು ಹಾರಿ ಹೊಡೆಯುವುದು ಇಡೀ ಆಟದಲ್ಲೇ ಮಜಾ ಕೊಡುವ ಕೆಲಸ, ತಪ್ಪಿದರೆ ನಾಲ್ಕು ಜನರ ಮಧ್ಯೆ ಹೋಗಿ ಬೀಳುವುದೂ ಅವನೇ. ಹೊಸಬರು ಮೊದಲು ಆರಿಸುವುದು ಇವನನ್ನು, ಬೇಗ ಸಾಯುವುದೂ ಇವನಾಗಿಯೇ. ಅವನ ಹಿಂಬದಿ ದಾಳಿಯ ಉಪಕ್ಲಾಸ್ ಆ್ಯಂಬುಷರ್ ಮೇಲೆ ಬರುವ ದೂರುಗಳಲ್ಲಿ ಮುಕ್ಕಾಲು ಪಾಲು "ನಾನು ಹಿಂದೆ ನೋಡಲಿಲ್ಲ" ಅನ್ನುವುದರ ಬೇರೆ ರೂಪ.

ಯಾರೂ ದೂರು ಕೊಡದ ಕ್ಲಾಸ್ ಅಂದರೆ ಫುಟ್‌ಮನ್. ನನ್ನನ್ನು ಕೇಳಿದರೆ ಗಮನಿಸಬೇಕಾದ್ದು ಅದನ್ನೇ. ಅದರ ಉಪಕ್ಲಾಸ್, ಉದ್ದದ ಕೋಲಾಯುಧ ಹಿಡಿದ ಪೋಲ್‌ಮನ್, ಸ್ನೇಹಿತನ ಹೆಗಲ ಪಕ್ಕದಿಂದ ಚುಚ್ಚುತ್ತಾನೆ, ತಾನು ಏಟಿನ ದೂರದಲ್ಲಿ ಇರುವುದೇ ಇಲ್ಲ. ಗಾಯಗೊಂಡವರಿಗೆ ಬ್ಯಾಂಡೇಜ್ ಕೊಡುತ್ತಾನೆ. ಇನ್ನೊಂದು ಉಪಕ್ಲಾಸ್ ಫೀಲ್ಡ್ ಎಂಜಿನಿಯರ್ ಬೇಲಿ ಕಟ್ಟಿ ದಾರಿ ಮುಚ್ಚುತ್ತಾನೆ. ಇವರಿಂದ ಗೆದ್ದ ಪಂದ್ಯಗಳು ಎಷ್ಟೋ, ಆದರೆ ಹೊಗಳಿಕೆ ಮಾತ್ರ ದೊಡ್ಡ ಕತ್ತಿಯವನಿಗೆ. ಮ್ಯಾನ್ ಅಟ್ ಆರ್ಮ್ಸ್ ಕಥೆ ಇನ್ನೂ ಸ್ವಾರಸ್ಯ. 2012ರ ಮೊದಲ ಚಿವಲ್ರಿಯಲ್ಲಿ ಅವನು ಸ್ವತಂತ್ರ ಕ್ಲಾಸ್, ಪಕ್ಕಕ್ಕೆ ಚಂಗನೆ ಹಾರುವ ಡಾಡ್ಜ್ ಅವನೊಬ್ಬನದು. ಹಿಡಿಯಲು ಸಿಗುವುದಿಲ್ಲ ಅಂತ ಜನ ಎಷ್ಟು ಬೈದರೋ ಲೆಕ್ಕವಿಲ್ಲ. 2021ರ ಎರಡನೇ ಆಟದಲ್ಲಿ ಅವನು ಫುಟ್‌ಮನ್‌ನ ಒಂದು ಉಪಕ್ಲಾಸ್ ಅಷ್ಟೆ.

ಕ್ಲಾಸೇ ಇಲ್ಲದಿದ್ದರೆ ಈ ಗೋಳು ತಪ್ಪುತ್ತದೆ ಅಲ್ವಾ ಅಂತ ನೀವು ಕೇಳಬಹುದು. ಹಾಗೂ ಮಾಡಿ ನೋಡಿದ್ದಾರೆ. 2019ರಲ್ಲಿ ಬಂದ ಮೋರ್ಡ್‌ಹೌ ಅನ್ನುವ ಇದೇ ಥರದ ಆಟದಲ್ಲಿ ಕ್ಲಾಸ್ ಇಲ್ಲ. 16 ಪಾಯಿಂಟ್ ಕೊಡುತ್ತಾರೆ, ಕವಚ, ಆಯುಧ, ಪರ್ಕ್ (ವಿಶೇಷ ಸಾಮರ್ಥ್ಯ) ಎಲ್ಲ ಅದರಲ್ಲೇ ಕೊಂಡುಕೊಳ್ಳಬೇಕು. ದೂರುಗಳು ನಿಂತವಾ? ಇಲ್ಲ, ಕ್ಲಾಸ್ ಬಿಟ್ಟು ಆಯುಧದ ಮೇಲೆ ಹೋಗಿ ಕೂತವು. ಆ ಕಡೆ 2017ರ ಫಾರ್ ಆನರ್ ಆಟದಲ್ಲಿ ಪ್ರತಿ ಪಾತ್ರಕ್ಕೂ ಅದರದೇ ಪಟ್ಟುಗಳು. ಅಲ್ಲಿನ ಹಳಬರು ದೂರು ಕೊಡುವ ರೀತಿ ನೋಡಿ ಕಲಿಯಬೇಕು. "ಈ ಪಾತ್ರ ಮೋಸ" ಅನ್ನುವುದಿಲ್ಲ, ಇಂಥ ಲೈಟ್ ಅಟ್ಯಾಕ್ (ಹಗುರವಾದ ವೇಗದ ಏಟು) 400 ಮಿಲಿಸೆಕೆಂಡ್, ಅದು 500 ಆಗಬೇಕು ಅಂತಾರೆ.

ನೀವೂ ಆ ಮಟ್ಟಕ್ಕೆ ಹೋಗಿ ಅಂತಲ್ಲ. ಆದರೆ ಯಾವ ಮೋಡ್, ಎಷ್ಟು ಜನ, ನಿಮ್ಮ ಉಪಕ್ಲಾಸ್ ಮತ್ತು ಆಯುಧ, ಅವನದು, ನೀವು ಏನು ಮಾಡಿದಿರಿ, ಏನಾಯಿತು, ಇಷ್ಟು ಇರಲಿ. ಉದಾಹರಣೆಗೆ ಹೀಗೆ: "ಟೀಮ್ ಆಬ್ಜೆಕ್ಟಿವ್, 64 ಜನರ ಸರ್ವರ್. ನಾನು ರೈಡರ್ (ವ್ಯಾನ್‌ಗಾರ್ಡ್‌ನ ಉಪಕ್ಲಾಸ್). ಗಾರ್ಡಿಯನ್ ಒಬ್ಬ ಬಾಗಿಲಲ್ಲಿ ಬಾವುಟ ನೆಟ್ಟು ಗುರಾಣಿ ಹಿಡಿದು ನಿಂತಿದ್ದ. ಒದ್ದೆ, ಗುರಾಣಿ ಸರಿಯಿತು, ಒಂದು ಏಟು ಹಾಕಿದೆ. ಎರಡನೇ ಏಟಿಗೆ ಜಾಗ ಸಿಗುವಷ್ಟರಲ್ಲಿ ಬಾವುಟದಿಂದ ಅವನ ಹೆಲ್ತ್ ತುಂಬಿಕೊಂಡಿತ್ತು. ಬಾವುಟ ಮುರಿಯಲು ಹೋದರೆ ಹಿಂದಿನವರು ಹೊಡೆಯುತ್ತಾರೆ." ಇದನ್ನು ಓದಿದವರಿಗೆ ಬಾವುಟದ ವೇಗ ಕಡಿಮೆ ಮಾಡಬೇಕಾ, ಮುರಿಯುವುದು ಸುಲಭ ಮಾಡಬೇಕಾ ಅಂತ ಯೋಚಿಸಲು ಸಾಮಾನು ಸಿಗುತ್ತದೆ. ವಿಡಿಯೋ ಇದ್ದರೆ ಇನ್ನೂ ಒಳ್ಳೆಯದು. ಪರಿಹಾರ ನೀವೇ ಹೇಳಬೇಕು ಅಂತೇನಿಲ್ಲ, ಆಟಗಾರರು ಹೇಳುವ ಪರಿಹಾರಗಳು ಹೆಚ್ಚಾಗಿ ತಮ್ಮ ಕ್ಲಾಸಿಗೇ ಅನುಕೂಲವಾಗಿರುತ್ತವೆ. ಎಲ್ಲಿ ಕಿರಿಕಿರಿ ಆಯಿತು ಅನ್ನುವುದು ಮಾತ್ರ ನಿಮ್ಮನ್ನು ಬಿಟ್ಟು ಬೇರೆ ಯಾರಿಗೂ ಗೊತ್ತಿರಲ್ಲ.

ಬರೆಯುವ ಮುಂಚೆ ನೀವು ದೂರು ಕೊಡುತ್ತಿರುವ ಕ್ಲಾಸನ್ನೇ ಆರಿಸಿಕೊಂಡು ಒಂದಷ್ಟು ಪಂದ್ಯ ಆಡಿ. ನೈಟ್ ಆಗಿ, ಸುತ್ತಿಗೆ ಹಿಡಿದವನೊಬ್ಬ ಬೆನ್ನು ಹತ್ತಿದಾಗ ಓಡಿ ತಪ್ಪಿಸಿಕೊಳ್ಳಲು ಪ್ರಯತ್ನಿಸಿ ನೋಡಿ. ಆಮೇಲೂ ನಿಮ್ಮ ದೂರು ಹಾಗೇ ಇದ್ದರೆ ಧಾರಾಳವಾಗಿ ಕಳಿಸಿ. ಸದ್ಯಕ್ಕೆ ಏನು ಆಡಲಿ ಅಂತ ಕೇಳಿದರೆ ಪೋಲ್‌ಮನ್, ಕೈಯಲ್ಲಿ ಪೋಲ್‌ಹ್ಯಾಮರ್. ಗುಂಪಿನ ಎರಡನೇ ಸಾಲಿನಲ್ಲಿ ನಿಂತು ಚುಚ್ಚಿ. ಅಡ್ಡಡ್ಡ ಬೀಸಬೇಡಿ, ಮುಂದಿರುವುದು ನಿಮ್ಮವರೇ, ಅವರಿಗೂ ಏಟು ತಾಗುತ್ತದೆ.