ಹೈಸ್ಕೂಲಿನ ಬೋರ್ಡಿನಲ್ಲಿ 'ಪದವಿಪೂರ್ವ ಕಾಲೇಜು' ಅಂತ ಯಾಕಿದೆ?

ಮಗಳನ್ನು ಎಂಟನೇ ಕ್ಲಾಸಿಗೆ ಸೇರಿಸಲು ಶಿವಮೊಗ್ಗದ ಹಳೇ ಸರ್ಕಾರಿ ಹೈಸ್ಕೂಲಿಗೆ ಹೋದರೆ ಬೋರ್ಡಿನಲ್ಲಿ ಕಾಲೇಜು ಅಂತಿದೆ ಎಂದು ಕೇಳಿದ್ದೀರಿ. ಗಾಬರಿ ಬೇಡ, ಸರಿಯಾದ ಜಾಗಕ್ಕೇ ಹೋಗಿದ್ದೀರಿ. ಪಿಯುಸಿ ಶುರುವಾದಾಗ ಸರ್ಕಾರ ಎಲ್ಲಾ ಕಡೆ ಹೊಸ ಕಟ್ಟಡ ಕಟ್ಟಲಿಲ್ಲ. ಎಷ್ಟೋ ಊರುಗಳಲ್ಲಿ ಇದ್ದ ಹೈಸ್ಕೂಲಿಗೇ ಪಿಯುಸಿ ಸೇರಿಸಿತು. ಹಿರಿಯರು ಈಗಲೂ 'ಜೂನಿಯರ್ ಕಾಲೇಜು' ಅನ್ನುವುದು ಇದಕ್ಕೇ. ಕಾಂಪೌಂಡು ಒಂದೇ ಆದರೂ ಆಡಳಿತ ಬೇರೆ. ಪಿಯುಸಿಗೆ ಪ್ರಾಂಶುಪಾಲರು, 8ರಿಂದ 10ನೇ ತರಗತಿಗೆ, ಅಂದರೆ ಪ್ರೌಢಶಾಲಾ ವಿಭಾಗಕ್ಕೆ, ಉಪಪ್ರಾಂಶುಪಾಲರು. ನೀವು ನೋಡಬೇಕಾದ್ದು ಇವರನ್ನು. ಜೂನ್ ಮಳೆಯಲ್ಲಿ ಸುಮ್ನೆ ಎರಡು ಆಫೀಸು ಸುತ್ತುವುದು ಯಾಕೆ, ಅಲ್ವಾ? ಅಂದ ಹಾಗೆ, ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಅಲ್ಲೇ ಪಿಯುಸಿ ಓದಬೇಕಾದರೂ ಬೇರೆಯಾಗಿ ಅರ್ಜಿ ಹಾಕಬೇಕು.